ಮುದಿನಾಯಿಯ ಇರುಳ ತಳಮಳ

ಬೀದಿಯಲ್ಲಿ ಹುಟ್ಟಿ ಬೀದಿಯಲ್ಲಿಯೇ ಬೆಳೆದ ನಾಯಿ ವಾಹನಕ್ಕೋ ವ್ಯಾಧಿಗೋ ಹಸಿವಿಗೋ ಬಲಿಯಾಗಿ ಅಲ್ಪಾಯುಷ್ಯದಲ್ಲಿಯೇ ಅಳಿಯುತ್ತಿದ್ದ ಕಾಲವೊಂದಿತ್ತು. ಹಟ್ಟಿಯನ್ನೋ ತೋಟವನ್ನೋ ಕಾಯುತ್ತಿದ್ದ ನಾಯಿ ಸೋಂಕುರೋಗಗಳಿಂದಲೂ ಚಿರತೆಯ ಬಾಯಿಂದಲೂ ಪಾರಾಗಿ ಹತ್ತು ವರ್ಷ ದಾಟಿದರೆ ಅದೇ ದೊಡ್ಡ ಮಾತೆನಿಸುತ್ತಿದ್ದಿತು. ಲಸಿಕೆಯೂ ನಿಯತವಾದ ಆಹಾರವೂ ಮನೆಯೊಳಗಿನ ಆಶ್ರಯವೂ ಒದಗಿದ ಮೇಲೆ, 13–14 ವರ್ಷಗಳ ವೃದ್ಧ ಶ್ವಾನವೊಂದು ನಡುಮನೆಯ ಮೂಲೆಯಲ್ಲಿ ಮಲಗಿರುವುದು ಇಂದು ನಮ್ಮ ಪಟ್ಟಣಗಳಲ್ಲಿ ಅಪೂರ್ವ ದೃಶ್ಯವಾಗಿ ಉಳಿದಿಲ್ಲ. ಆಯುಸ್ಸು ದೀರ್ಘವಾದುದರೊಡನೆ ಆ ದೀರ್ಘಾಯುಸ್ಸಿಗೇ ಮೀಸಲಾದ ಕೆಲವು ಕ್ಲೇಶಗಳೂ ಬಂದು ಸೇರಿಕೊಂಡಿವೆ. ಅವುಗಳಲ್ಲಿ ಮನೆಮಂದಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಂಗೆಡಿಸತಕ್ಕದ್ದು ರಾತ್ರಿಯ ನಿದ್ರಾಭಂಗ.

ಹಗಲೆಲ್ಲ ಬಿದ್ದಲ್ಲಿಯೇ ಬಿದ್ದಿದ್ದ ನಾಯಿ ಮುಸ್ಸಂಜೆಯಾಗುತ್ತಲೇ ಚಡಪಡಿಸತೊಡಗುತ್ತದೆ. ದೀಪವಾರಿಸಿ ಎಲ್ಲರೂ ಮಲಗಿದ ಮೇಲೆ ಎದ್ದು, ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ, ಅಲ್ಲಿಂದ ಮತ್ತೆ ಹಜಾರಕ್ಕೆ, ಏನನ್ನೋ ಕಳೆದುಕೊಂಡವರು ಹುಡುಕುವ ರೀತಿಯಲ್ಲಿ ಸುತ್ತುತ್ತದೆ, ಏದುಸಿರು ಬಿಡುತ್ತದೆ, ಗೋಡೆಗೆ ಮುಖಮಾಡಿ ನಿಂತು ಬೊಗಳುತ್ತದೆ, ಕೆಲವೊಮ್ಮೆ ದೀರ್ಘಸ್ವರದಲ್ಲಿ ಊಳಿಡುತ್ತದೆ. ನಾಯಿ ಊಳಿಟ್ಟರೆ ಅದರ ಕಣ್ಣಿಗೆ ಯಮದೂತರು ಬಿದ್ದಿದ್ದಾರೆಂಬ ನಂಬಿಕೆ ನಮ್ಮ ಜನದಲ್ಲಿ ಬಹುಕಾಲದಿಂದ ರೂಢವಾಗಿ ಬಂದಿದೆ. ದಿಕ್ಕು ತಪ್ಪಿಯೋ ನೋವು ತಾಳಲಾರದೆಯೋ ಕತ್ತಲಲ್ಲಿ ಕೂಗಿದ ಎಷ್ಟೋ ಮುದಿನಾಯಿಗಳು ಆ ನಂಬಿಕೆಯ ದೆಸೆಯಿಂದ ಅಪಶಕುನವೆನಿಸಿ, ತಾವು ಆಜನ್ಮ ಕಾಯ್ದ ಮನೆಯಂಗಳದಲ್ಲಿಯೇ ಕಲ್ಲೇಟು ತಿಂದಿವೆ. ಈಗ ಆ ನಂಬಿಕೆ ಸಡಿಲವಾಗಿದೆ. ಆದರೆ ಅದರ ಸ್ಥಾನದಲ್ಲಿ ಬಂದು ಕುಳಿತಿರುವ ಮಾತು, “ವಯಸ್ಸಾಯಿತು, ಇನ್ನೇನು ಮಾಡೋಕಾಗುತ್ತೆ” ಎಂಬುದು, ನನ್ನ ಅಭಿಪ್ರಾಯದಲ್ಲಿ ನಾಯಿಗೆ ಅಷ್ಟೇ ಅಪಕಾರಿಯಾದದ್ದು. ರಾತ್ರಿಯ ತಳಮಳಕ್ಕೆ ಕಾರಣಗಳಿವೆ. ಆ ಕಾರಣಗಳು ಬೇರೆಬೇರೆ. ಅವುಗಳಲ್ಲಿ ಹಲವಕ್ಕೆ ಪರಿಹಾರವುಂಟು, ಉಳಿದವಕ್ಕೆ ಉಪಶಮನವುಂಟು. ಮತ್ತು ಆ ಪರಿಹಾರದ ಬಹುಭಾಗವನ್ನು ನಡುರಾತ್ರಿಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಅದನ್ನು ಹಗಲಿನಲ್ಲಿ ಏರ್ಪಡಿಸಬೇಕಾಗುತ್ತದೆ.

ಕೆಟ್ಟ ನಿದ್ರೆಯ ಲಕ್ಷಣವನ್ನು ಅರಿಯಬೇಕಾದರೆ ಒಳ್ಳೆಯ ನಿದ್ರೆಯ ಲಕ್ಷಣವನ್ನು ಮೊದಲು ಅರಿತಿರಬೇಕು. ನಾಯಿಯ ನಿದ್ರೆ ನಮ್ಮದರಂತೆ ಒಂದೇ ಎಳೆಯಾಗಿ ಬೆಳಗಿನವರೆಗೆ ಹರಿಯತಕ್ಕದ್ದಲ್ಲ. ಆಡಮ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಸಾಕುನಾಯಿಗಳು ರಾತ್ರಿಯಲ್ಲಿ ಸರಾಸರಿ 16 ನಿಮಿಷ ಮಲಗಿ 5 ನಿಮಿಷ ಎಚ್ಚತ್ತು, ಮತ್ತೆ ಮಲಗಿ ಮತ್ತೆ ಎಚ್ಚರಗೊಂಡು, ಹೀಗೆ ಇರುಳನ್ನು ಸಣ್ಣಸಣ್ಣ ಆವರ್ತಗಳಾಗಿ ಕಳೆಯುತ್ತವೆಂಬುದನ್ನು ಕಂಡುಕೊಂಡರು. ಕಿವಿಯನ್ನು ಎತ್ತಿ ಆಲಿಸಿ, ಮಗ್ಗುಲು ಬದಲಿಸಿ, ಒಮ್ಮೆ ಮೂಸಿ ಮತ್ತೆ ಮುದುಡಿಕೊಳ್ಳುವ ಈ ಎಚ್ಚರವು ಕಾವಲುಗಾರ ಪ್ರಾಣಿಗೆ ಸಹಜವಾದದ್ದು. ಅದರಿಂದ ಮನೆಯವರಿಗೆ ಭಂಗವೂ ಆಗುವುದಿಲ್ಲ, ನಾಯಿಗೆ ಆಯಾಸವೂ ಇಲ್ಲ. ಎಚ್ಚರಗೊಂಡ ನಾಯಿ ಮರಳಿ ಮಲಗದೆ ಹೋಗುವುದೇ ವ್ಯಾಧಿಯ ಗುರುತು. ವೃದ್ಧಾಪ್ಯದಲ್ಲಿ ಕೆಡುವುದು ಈ ಮರಳುವಿಕೆ.

ನಿದ್ರೆಯನ್ನು ಕುರಿತು ಮನುಷ್ಯನಿಗೆ ಈಗ ತಿಳಿದಿರುವುದರಲ್ಲಿ ಗಣನೀಯವಾದ ಒಂದು ಭಾಗ ನಾಯಿಯಿಂದಲೇ ಬಂದದ್ದೆಂಬುದನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲು ನನಗೆ ಮನಸ್ಸೊಪ್ಪದು. ರಷ್ಯಾದ ವೈದ್ಯೆ ಮಾರಿಯಾ ಮನಸೈನಾ 1894ರಲ್ಲಿ ನಾಯಿಮರಿಗಳನ್ನು ನಿದ್ರೆಯಿಂದ ಸಂಪೂರ್ಣವಾಗಿ ವಂಚಿಸಿ, ಅವು ನಾಲ್ಕೈದು ದಿನಗಳಲ್ಲಿ ಸಾಯುತ್ತವೆಂಬುದನ್ನು ವರದಿಮಾಡಿದಳು. ನಿದ್ರೆ ಆಹಾರದಷ್ಟೇ ಅನಿವಾರ್ಯವೆಂಬ ಅರಿವು ದೊರೆತದ್ದು ಆ ಮೂಕ ಮರಿಗಳ ಪ್ರಾಣದ ಬೆಲೆಗೆ. ಫ್ರಾನ್ಸಿನ ಲೆಜಾಂದ್ರ್ ಮತ್ತು ಪಿಯೆರೋನ್, ಬಹುಕಾಲ ಎಚ್ಚರವಾಗಿಟ್ಟ ನಾಯಿಗಳ ಮಿದುಳು-ಬೆನ್ನುಹುರಿಯ ದ್ರವವನ್ನು ಉಲ್ಲಾಸದಿಂದಿದ್ದ ನಾಯಿಗಳಿಗೆ ಚುಚ್ಚಿ, ಅವುಗಳಿಗೂ ನಿದ್ರೆ ಬರುವುದನ್ನು ತೋರಿಸಿ, ನಿದ್ರಾಜನಕ ದ್ರವ್ಯವೊಂದು ಶರೀರದಲ್ಲಿಯೇ ಶೇಖರವಾಗುತ್ತದೆಂಬ ಕಲ್ಪನೆಗೆ ಅಡಿಗಲ್ಲನ್ನಿಟ್ಟರು. ಹಗಲಿನಲ್ಲಿ ಹಠಾತ್ತನೆ ನಿದ್ರೆಗೆ ಜಾರಿಬೀಳುವ ನಾರ್ಕೊಲೆಪ್ಸಿ ಎಂಬ ರೋಗದ ಒಂದು ಮೂಲಜೀನನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1999ರಲ್ಲಿ ಪತ್ತೆಹಚ್ಚಿದ್ದು ಡಾಬರ್‌ಮನ್ ಮತ್ತು ಲ್ಯಾಬ್ರಡಾರ್ ನಾಯಿಗಳಲ್ಲಿ. ನಮ್ಮ ನಿದ್ರೆಯ ವಿಜ್ಞಾನಕ್ಕೆ ಇಷ್ಟನ್ನು ತೆತ್ತ ಜಾತಿಯ ನಿದ್ರೆ ಕೆಟ್ಟಾಗ ಅದನ್ನು ಕುರಿತು ಶ್ರದ್ಧೆಯಿಂದ ವಿಚಾರಿಸುವುದು ನಮಗೆ ಋಣಸಂದಾಯದ ಒಂದು ಅಂಶವೆಂದೇ ನಾನು ಭಾವಿಸಿದ್ದೇನೆ.

ಕಣ್ಣಿನಿಂದ ಹೊರಟ ದೃಷ್ಟಿನರಗಳೆರಡೂ ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವೆಡೆಯ ಮೇಲ್ಗಡೆ, ನರಕೋಶಗಳ ಎರಡು ಪುಟ್ಟ ಗುಂಪುಗಳಿವೆ. ದೇಹದ ಅಹೋರಾತ್ರಿಯ ಗಡಿಯಾರವೆಂದರೆ ಇದೇ. ಬೆಳಗಿನ ಬೆಳಕು ಅಕ್ಷಿಪಟಲದ ಮೂಲಕ ಇಲ್ಲಿಗೆ ತಲುಪಿ ಗಡಿಯಾರವನ್ನು ದಿನದಿನವೂ ಸರಿಪಡಿಸುತ್ತದೆ. ಕತ್ತಲಾದಾಗ ಈ ಕೇಂದ್ರದ ಆಜ್ಞೆಯಂತೆ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ, ರಾತ್ರಿಯಾಯಿತೆಂಬ ವಾರ್ತೆಯನ್ನು ಅಂಗಾಂಗಗಳಿಗೆಲ್ಲ ಮುಟ್ಟಿಸುತ್ತದೆ. ಮುಪ್ಪಿನಲ್ಲಿ ಈ ಲಯದ ಏರಿಳಿತ ತಗ್ಗುತ್ತದೆ. ಪೊರೆ ಬೆಳೆದ ಕಣ್ಣಿನಲ್ಲಿ ಬೆಳಕು ಕಡಮೆಯಾಗಿ ನುಗ್ಗುವುದರಿಂದಲೂ, ನಡೆಯಲಾರದ ನಾಯಿ ಹಗಲೆಲ್ಲ ಮನೆಯ ಮಬ್ಬಿನಲ್ಲಿಯೇ ಉಳಿಯುವುದರಿಂದಲೂ, ಹಗಲಿಗೂ ಇರುಳಿಗೂ ಇರಬೇಕಾದ ಸ್ಪಷ್ಟವಾದ ಭೇದ ಅದರ ಪಾಲಿಗೆ ಮಾಸಿಹೋಗುತ್ತದೆ.

ಇದರ ಮೇಲೆ ಮಿದುಳಿನ ಕ್ಷಯವೂ ಸೇರಿದರೆ ಸ್ಥಿತಿ ಮತ್ತಷ್ಟು ಜಟಿಲವಾಗುತ್ತದೆ. ಮನುಷ್ಯರಲ್ಲಿ ಆಲ್ಜೈಮರ್ ರೋಗವೆಂದು ಹೆಸರಾದ ಮರೆವಿನ ವ್ಯಾಧಿಗೆ ಬಹುಮಟ್ಟಿಗೆ ಸಮಾನವಾದ ಒಂದು ಸ್ಥಿತಿ ವೃದ್ಧ ನಾಯಿಗಳಲ್ಲಿಯೂ ಉಂಟು. ಪಶುವೈದ್ಯರು ಅದನ್ನು ಶ್ವಾನಗಳ ಪ್ರಜ್ಞಾಹ್ರಾಸವೆಂದು ಗುರುತಿಸುತ್ತಾರೆ. ಬೀಟಾ-ಅಮಿಲಾಯ್ಡ್ ಎಂಬ ಪ್ರೋಟೀನು ಇಬ್ಬರ ಮಿದುಳಿನಲ್ಲಿಯೂ ಜಿಗುಟಾದ ಮಚ್ಚೆಗಳಾಗಿ ಶೇಖರಗೊಳ್ಳುತ್ತದೆ. ಅದರ ಅಮೈನೋ ಆಮ್ಲಗಳ ಜೋಡಣೆಯು ಮನುಷ್ಯನಲ್ಲಿ ಹೇಗೋ ನಾಯಿಯಲ್ಲಿಯೂ ಹಾಗೆಯೇ, ಒಂದಕ್ಷರದ ವ್ಯತ್ಯಾಸವೂ ಇಲ್ಲ. ಮನುಷ್ಯನ ರೋಗದಲ್ಲಿ ನರಕೋಶಗಳೊಳಗೆ ಕಾಣುವ ಸಿಕ್ಕುನೂಲಿನಂಥ ರಚನೆಗಳು ಮಾತ್ರ ನಾಯಿಯಲ್ಲಿ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಆದುದರಿಂದ ಎರಡನ್ನೂ ಒಂದೇ ಎಂದು ಹೇಳುವುದು ಅತ್ಯುಕ್ತಿಯಾದೀತು. ಮಿದುಳಿನ ಹೊರಪದರ ಸೊರಗುತ್ತದೆ, ಒಳಗಿನ ದ್ರವಕೋಷ್ಠಗಳು ಹಿಗ್ಗುತ್ತವೆ. ಚಿರಪರಿಚಿತವಾದ ಮನೆಯಲ್ಲಿಯೇ ದಿಕ್ಕು ತಪ್ಪುವುದು, ಮನೆಯವರೊಡನೆ ಒಡನಾಟ ಬದಲಾಗುವುದು, ನಿದ್ರೆ-ಎಚ್ಚರಗಳು ಅದಲುಬದಲಾಗುವುದು, ಕಲಿತ ಶೌಚದ ಅಭ್ಯಾಸ ಮರೆತುಹೋಗುವುದು, ಹೊಸದಾಗಿ ಭಯ ತಲೆದೋರುವುದು ಇವು ಅದರ ಬಾಹ್ಯಲಕ್ಷಣಗಳು.

ಈ ಸ್ಥಿತಿ ವಿರಳವೆಂದು ಯಾರೂ ತಿಳಿಯಬಾರದು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಪಶುವೈದ್ಯ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 11–12 ವರ್ಷದ ನಾಯಿಗಳಲ್ಲಿ ಶೇಕಡಾ 28ಕ್ಕೂ, 15–16 ವರ್ಷದವುಗಳಲ್ಲಿ ಶೇಕಡಾ 68ಕ್ಕೂ ಈ ಬಗೆಯ ಒಂದಾದರೂ ವ್ಯತ್ಯಯ ಕಂಡುಬಂದಿತು. ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ್ದು ಸಿಡ್ನಿ ವಿಶ್ವವಿದ್ಯಾಲಯದ 2010ರ ಅಧ್ಯಯನ: ವಯಸ್ಸಾದ ನಾಯಿಗಳಲ್ಲಿ ಶೇಕಡಾ 14ರಷ್ಟಕ್ಕೆ ಈ ವ್ಯಾಧಿಯಿರಬಹುದೆಂದು ಅಂದಾಜಾದರೆ, ವೈದ್ಯರಿಂದ ನಿದಾನವಾಗಿದ್ದುದು ಶೇಕಡಾ 2ಕ್ಕೂ ಕಡಮೆ ನಾಯಿಗಳಿಗೆ. ಮಿಕ್ಕ ನಾಯಿಗಳ ಕಷ್ಟವೆಲ್ಲ ವಯಸ್ಸಿನ ಹೆಸರಿನಲ್ಲಿ ಜಮೆಯಾಗಿ, ಯಾರ ಗಮನಕ್ಕೂ ಬಾರದೆ ಹೋಯಿತೆಂದಾಯಿತು.

ಪ್ರಜ್ಞಾಹ್ರಾಸಕ್ಕೂ ನಿದ್ರೆಗೂ ಇರುವ ಸಂಬಂಧವನ್ನು ಅಳೆದು ನೋಡಿದವರು ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದವರು. 2023ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 28 ವೃದ್ಧ ನಾಯಿಗಳ ತಲೆಗೆ ವಿದ್ಯುದಗ್ರಗಳನ್ನು ಮೃದುವಾಗಿ ಅಂಟಿಸಿ, ನಿಶ್ಶಬ್ದವಾದ ಕೋಣೆಯಲ್ಲಿ ಮಧ್ಯಾಹ್ನದ ನಿದ್ರೆಗೆ ಬಿಟ್ಟು, ಮಿದುಳಿನ ತರಂಗಗಳನ್ನು ದಾಖಲಿಸಲಾಯಿತು. ಮರೆವಿನ ಲಕ್ಷಣಗಳು ಹೆಚ್ಚಾಗಿದ್ದ ನಾಯಿಗಳಲ್ಲಿ ಗಾಢನಿದ್ರೆಯ ಕಾಲವೂ, ಕಣ್ಣಾಲಿಗಳು ವೇಗವಾಗಿ ಚಲಿಸುವ ಸ್ವಪ್ನನಿದ್ರೆಯ ಕಾಲವೂ ಕಡಮೆಯಾಗಿದ್ದವು. “ಹಗಲೆಲ್ಲ ಮಲಗಿರುತ್ತೆ, ಅದಕ್ಕೇ ರಾತ್ರಿ ನಿದ್ದೆ ಬರೋಲ್ಲ” ಎಂದು ಮನೆಯವರು ಆಡುವ ಮಾತಿಗೆ ಇದರಿಂದ ಒಂದು ತಿದ್ದುಪಡಿ ದೊರೆಯುತ್ತದೆ. ಏಕೆಂದರೆ ಮಲಗಿರುವುದೆಲ್ಲ ನಿದ್ರೆಯಲ್ಲ, ಕಣ್ಣು ಮುಚ್ಚಿ ಬಿದ್ದಿರುವ ನಾಯಿಯ ಮಿದುಳು ನಿದ್ರೆಯ ಆಳಕ್ಕೆ ಇಳಿಯದೆ ದಡದಲ್ಲಿಯೇ ತಡವರಿಸುತ್ತಿರಬಹುದು. ನಿದ್ರೆಯಲ್ಲಿರುವಾಗ ಮಿದುಳಿನಿಂದ ಅಮಿಲಾಯ್ಡ್ ಮೊದಲಾದ ಕಶ್ಮಲಗಳು ವೇಗವಾಗಿ ತೊಳೆದುಹೋಗುತ್ತವೆಂಬುದು 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಸಿದ್ಧ ಸಂಶೋಧನೆಯ ಫಲಿತಾಂಶ; ನಾಯಿಯಲ್ಲಿಯೂ ಹೀಗೆಯೇ ನಡೆಯುವುದಾದರೆ, ಕೆಟ್ಟ ನಿದ್ರೆಯಿಂದ ಮಿದುಳೂ ಕೆಟ್ಟ ಮಿದುಳಿನಿಂದ ನಿದ್ರೆಯೂ ಮತ್ತಷ್ಟು ಕೆಡುವ ವಿಷವೃತ್ತವೊಂದು ಅಲ್ಲಿ ಏರ್ಪಡುತ್ತದೆ.

ಇಷ್ಟನ್ನು ಓದಿದ ಗೃಹಸ್ಥನು, ತನ್ನ ನಾಯಿ ರಾತ್ರಿ ಅಲೆದಾಡುತ್ತದೆಂಬ ಒಂದೇ ಕಾರಣದಿಂದ, ಅದಕ್ಕೆ ಬುದ್ಧಿಭ್ರಮಣೆಯೆಂದು ತೀರ್ಮಾನಿಸಿಬಿಡಬಾರದು. ಪ್ರಜ್ಞಾಹ್ರಾಸವೆಂಬುದು ಬೇರೆಲ್ಲ ಕಾರಣಗಳನ್ನೂ ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯತಕ್ಕ ನಿರ್ಣಯ. ಅದನ್ನು ರಕ್ತಪರೀಕ್ಷೆಯೊಂದರಿಂದ ಸಾಧಿಸಿ ತೋರಿಸಲು ಬರುವುದಿಲ್ಲ. ಇರುಳಿನಲ್ಲಿ ನಾಯಿಯನ್ನು ಎಬ್ಬಿಸತಕ್ಕ ದೈಹಿಕ ಕಾರಣಗಳಾದರೋ ಹಲವಾರಿವೆ. ಅವುಗಳಲ್ಲಿ ಅತಿ ಸಾಮಾನ್ಯವೂ ಅತ್ಯಂತ ಅಲಕ್ಷಿತವೂ ಆದದ್ದು ಕೀಲುನೋವು.

ನಮ್ಮ ಮನೆಯ ಕರಿಯನೆಂಬ ಮುದಿ ನಾಟಿನಾಯಿಯಲ್ಲಿ ಇದನ್ನು ನಾನು ಹತ್ತಿರದಿಂದ ಕಂಡೆನು. ಅದು ಮಲಗುವ ಮುನ್ನ ಒಂದೇ ಜಾಗದಲ್ಲಿ ಮೂರುನಾಲ್ಕು ಸುತ್ತು ತಿರುಗಿ, ಹಿಂಭಾಗವನ್ನು ಅರ್ಧ ಇಳಿಸಿ, ಅಲ್ಲಿಯೇ ತಡೆದು, ಮತ್ತೆ ಎದ್ದುನಿಂತು, ಕೊನೆಗೆ ಧೊಪ್ಪನೆ ಬಿದ್ದುಕೊಳ್ಳುತ್ತಿದ್ದಿತು. ಅರೆಗಳಿಗೆಯಲ್ಲಿಯೇ ಪುನಃ ಎದ್ದು ಬೇರೊಂದೆಡೆಗೆ ಹೋಗಿ ಇದನ್ನೇ ಪುನರಾವರ್ತಿಸುತ್ತಿದ್ದಿತು. ತಪಾಸಣೆಗೆಂದು ಬಂದ ಪಶುವೈದ್ಯರು ಅದನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಏಳುವಾಗ ಹಿಂಗಾಲು ಕೂಡಲೇ ಊರುತ್ತದೋ, ಮುಂಗಾಲಿನಿಂದ ಮೈ ಎಳೆದುಕೊಳ್ಳುತ್ತದೋ, ನೋಡಿದೀರಾ ಸಾರ್?” ಅನಂತರ ಅವರು ಸೊಂಟದ ಇಕ್ಕೆಲದ ಸ್ನಾಯುಗಳನ್ನು ಅಂಗೈಯಿಂದ ಸವರಿ, ತೊಡೆಯ ಮಾಂಸ ಎಷ್ಟು ಇಳಿದುಹೋಗಿದೆಯೆಂಬುದನ್ನು ನನ್ನ ಕೈಗೇ ಮುಟ್ಟಿಸಿ ತೋರಿಸಿದರು; ಹಿಂಗಾಲನ್ನು ಮೆಲ್ಲನೆ ಹಿಂದಕ್ಕೆ ಚಾಚಿದಾಗ ಕರಿಯನು ಕೂಗಲಿಲ್ಲ, ಗುರುಗುಟ್ಟಲೂ ಇಲ್ಲ, ತುಟಿಯನ್ನು ನಾಲಗೆಯಿಂದ ಒಮ್ಮೆ ಸವರಿಕೊಂಡು ತಲೆಯನ್ನು ಅತ್ತ ತಿರುಗಿಸಿತು. ನಾಯಿಯ ನೋವು ಇಷ್ಟು ಸಣ್ಣ ಸಂಜ್ಞೆಗಳಲ್ಲಿ ಮಾತಾಡುತ್ತದೆಂಬುದನ್ನು ಅರಿತವರಿಗೆ ಮಾತ್ರ ಅದು ಕೇಳಿಸೀತು. ಕ್ಷ-ಕಿರಣದ ಚಿತ್ರದಲ್ಲಿ ಸೊಂಟದ ಕೀಲುಗಳೆರಡೂ ಸವೆದು ಅಂಚು ಕಟ್ಟಿದ್ದವು. ನೋವಿಗೆ ಔಷಧ ಪ್ರಾರಂಭವಾದ ಬಳಿಕ ಅಲೆದಾಟದ ಬಹುಭಾಗ ತಾನಾಗಿಯೇ ಇಳಿಯಿತು. ಬುದ್ಧಿಯ ಮಂಕು ಅದಕ್ಕೆ ಆಮೇಲೆ ಬಂದದ್ದು ಬೇರೆಯ ಕಥೆ.

ಹಗಲಿನಲ್ಲಿ ಓಡಾಟದ ಬಿಸುಪೂ ಮನೆಯ ಗಲಭೆಯೂ ನೋವನ್ನು ಮರೆಸುತ್ತವೆ. ಇರುಳಿನ ನಿಶ್ಚಲತೆಯಲ್ಲಿ ಕೀಲು ಬಿಗಿಯುತ್ತದೆ, ನೋವಿನಿಂದ ಗಮನವನ್ನು ಬೇರೆಡೆಗೆ ಸೆಳೆಯತಕ್ಕದ್ದು ಏನೂ ಉಳಿದಿರುವುದಿಲ್ಲ. ಮಾಗಿಯ ಚಳಿಯಲ್ಲಿ ಗಾರೆಯ ನೆಲದ ಮೇಲೆ ಮಲಗುವ ನಾಯಿಗೆ ಇದು ಇಮ್ಮಡಿಯಾಗುತ್ತದೆ.

ಇತರ ಕಾರಣಗಳನ್ನು ಗುರುತಿಸಲು ರಾತ್ರಿಯ ನಡೆವಳಿಯನ್ನೇ ಓದಬೇಕು. ಎದ್ದೊಡನೆ ನೀರಿನ ಬಟ್ಟಲಿಗೆ ಹೋಗಿ ಬಹಳ ಹೊತ್ತು ಕುಡಿದು, ಅನಂತರ ಬಾಗಿಲ ಬಳಿ ನಿಲ್ಲುವ ನಾಯಿಗೆ ಮೂತ್ರಪಿಂಡದ ದೌರ್ಬಲ್ಯವೋ, ಮಧುಮೇಹವೋ, ಅಡ್ರಿನಲ್ ಗ್ರಂಥಿಯ ಅತಿಸ್ರಾವದಿಂದುಂಟಾಗುವ ಕುಶಿಂಗ್ ವ್ಯಾಧಿಯೋ ಇರಬಹುದು. ಬೇರೊಂದು ರೋಗಕ್ಕಾಗಿ ಪ್ರೆಡ್ನಿಸೊಲೋನ್ ಮಾತ್ರೆ ನಡೆಯುತ್ತಿದ್ದರೆ ಬಾಯಾರಿಕೆಯೂ ಮೂತ್ರವೂ ಅದರಿಂದಲೇ ಹೆಚ್ಚಿರಬಹುದು. ಇಂಥ ನಾಯಿಗೆ ರಾತ್ರಿ ಒದ್ದೆಮಾಡುತ್ತದೆಂದು ನೀರನ್ನು ತಪ್ಪಿಸುವುದು ಅಪಾಯಕರ. ಮೂತ್ರಪಿಂಡ ಸೋತ ಪ್ರಾಣಿಗೆ ನೀರೇ ಜೀವಾಧಾರ. ಮಲಗಲೊಲ್ಲದೆ ಮುಂಗಾಲುಗಳ ಮೊಣಕೈಗಳನ್ನು ಅಗಲಿಸಿ, ಕತ್ತು ಚಾಚಿ ಕುಳಿತೇ ಇರುವ, ರಾತ್ರಿಯಲ್ಲಿ ಕೆಮ್ಮುವ ನಾಯಿಯ ಹೃದಯವನ್ನು ಪರೀಕ್ಷಿಸಬೇಕು. ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಒಂದು ಸುಲಭ ಪರೀಕ್ಷೆಯುಂಟು: ನಾಯಿ ನಿದ್ರೆಹೋಗಿರುವಾಗ ಪಕ್ಕೆಯ ಏರಿಕೆ ಇಳಿಕೆ ಎರಡನ್ನೂ ಕೂಡಿಸಿ ಒಂದು ಉಸಿರೆಂದು ಲೆಕ್ಕಹಿಡಿದು ನಿಮಿಷಕ್ಕೆ ಎಷ್ಟೆಂದು ಎಣಿಸುವುದು. ಅದು ಮತ್ತೆ ಮತ್ತೆ 30ನ್ನು ಮೀರಿದರೆ ವಿಳಂಬಿಸದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಹಲ್ಲಿನ ಬೇರಿನ ಕೀವು, ಚರ್ಮದ ತುರಿಕೆ, ಏರಿದ ರಕ್ತದೊತ್ತಡ, ವೃದ್ಧ ಲ್ಯಾಬ್ರಡಾರ್‌ಗಳಲ್ಲಿ ಕಾಣುವ ಗಂಟಲಿನ ಸ್ವರಪೆಟ್ಟಿಗೆಯ ಪಾರ್ಶ್ವವಾಯು ಇವೂ ಇರುಳನ್ನು ಕೆಡಿಸುತ್ತವೆ.

ಮಿದುಳಿನ ಮಂಕಿಗೆ ಒಳಗಾದ ನಾಯಿಯ ಅಲೆದಾಟ ಇವೆಲ್ಲಕ್ಕಿಂತ ಭಿನ್ನವಾದ ಮುಖವುಳ್ಳದ್ದು. ಅದರ ನಡಗೆಗೆ ಗುರಿಯಿಲ್ಲ. ಕುರ್ಚಿಯ ಕಾಲುಗಳ ನಡುವೆಯೋ ಮಂಚದ ಸಂದಿಯಲ್ಲಿಯೋ ಹೊಕ್ಕು, ಹಿಂದಕ್ಕೆ ಸರಿದರೆ ಹೊರಬರಬಹುದೆಂಬುದು ಹೊಳೆಯದೆ ಅಲ್ಲಿಯೇ ನಿಂತುಬಿಡುತ್ತದೆ. ಬಾಗಿಲು ತೆರೆಯಲೆಂದು ಚಿಲಕದ ಕಡೆಗೆ ನಿಲ್ಲುವ ಬದಲು ಕೀಲಿರುವ ಕಡೆಗೆ ಮುಖವಿಟ್ಟು ಕಾಯುತ್ತದೆ. ಅಂಗಳಕ್ಕೆ ಕರೆದೊಯ್ದರೆ ಸುಮ್ಮನೆ ನಿಂತು, ಒಳಗೆ ಬಂದ ಮೇಲೆ ಮೂತ್ರಮಾಡುತ್ತದೆ. ಇವು ವಾರ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಬೆಳೆಯತಕ್ಕ ಲಕ್ಷಣಗಳು. ಇದಕ್ಕೆ ಪ್ರತಿಯಾಗಿ, ನಿನ್ನೆಯವರೆಗೂ ಸರಿಯಾಗಿದ್ದ ನಾಯಿ ಇಂದು ಹಠಾತ್ತನೆ ಒಂದೇ ಪಕ್ಕಕ್ಕೆ ಸುತ್ತತೊಡಗಿದರೆ, ತಲೆ ವಾಲಿದರೆ, ಗೋಡೆಗೆ ತಲೆಯನ್ನೊತ್ತಿ ನಿಂತರೆ, ಅಥವಾ ಸೆಳವು ಬಂದರೆ, ಅದು ಬೇರೆ ವ್ಯಾಧಿ, ಬೆಳಗಾಗುವುದನ್ನು ಕಾಯತಕ್ಕದ್ದಲ್ಲ. ಇರುಳಿನ ನಡೆವಳಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಒಯ್ದರೆ ವೈದ್ಯರಿಗೆ ಅದರಿಂದಾಗುವ ಉಪಕಾರ ಬಹಳ; ಚಿಕಿತ್ಸಾಲಯದ ಮೇಜಿನ ಮೇಲೆ ಭಯದಿಂದ ಸೆಟೆದುಕೊಂಡ ನಾಯಿ ತನ್ನ ಮನೆಯ ಇರುಳನ್ನು ಅಲ್ಲಿ ತೋರಿಸಲಾರದು.

ಕಾರಣವನ್ನು ಹುಡುಕಿ ನೋವಿಗೂ ರೋಗಕ್ಕೂ ತಕ್ಕ ಏರ್ಪಾಡಾದ ಮೇಲೆ, ಹಗಲನ್ನು ಕಟ್ಟುವ ಕೆಲಸ ಮೊದಲಾಗುತ್ತದೆ. ಗಡಿಯಾರದ ಕೇಂದ್ರಕ್ಕೆ ಬೆಳಕೇ ಕೀಲಿಕೈಯಾದುದರಿಂದ, ನಾಯಿಯನ್ನು ಬೆಳಗ್ಗೆ ಸೂರ್ಯೋದಯವಾದ ಅನಂತರ ಹೊರಗೆ ಕರೆದೊಯ್ಯುವುದು ಪ್ರಥಮ ಕರ್ತವ್ಯ. ನಡೆಯಲಾರದ ನಾಯಿಯಾದರೆ ಎತ್ತಿಕೊಂಡು ಹೋಗಿ ಜಗುಲಿಯ ಮೇಲೋ ತಾರಸಿಯ ಮೇಲೋ ಎಳೆಬಿಸಿಲಿನಲ್ಲಿ ಕೂರಿಸಿದರೂ ಸರಿಯೆ. ನಡಗೆ ದೀರ್ಘವಾಗಬೇಕಿಲ್ಲ. ದಾರಿಯ ಪ್ರತಿಯೊಂದು ಕಂಬವನ್ನೂ ಪೊದೆಯನ್ನೂ ಅದು ಮನಸ್ಸು ತೃಪ್ತಿಯಾಗುವವರೆಗೆ ಮೂಸಲಿ. ಕಣ್ಣೂ ಕಿವಿಯೂ ಸೋತ ನಾಯಿಗೆ ಲೋಕವು ಇನ್ನೂ ತೆರೆದಿರುವುದು ಮೂಗಿನ ಮೂಲಕವೇ, ಆ ಲೋಕವನ್ನು ಓದುವುದರಲ್ಲಿ ಅದರ ಬುದ್ಧಿಗೆ ದೊರೆಯುವ ವ್ಯಾಯಾಮ ಹಗ್ಗ ಹಿಡಿದು ಅವಸರದಿಂದ ಎಳೆದುಕೊಂಡು ಹೋಗುವ ದೂರದ ನಡಗೆಯಲ್ಲಿ ದೊರೆಯುವುದಿಲ್ಲ. ಮಧ್ಯಾಹ್ನದಲ್ಲಿ ಊಟದ ಸ್ವಲ್ಪ ಭಾಗವನ್ನು ಹಳೆಯ ಟವೆಲಿನ ಮಡಿಕೆಗಳಲ್ಲಿ ಅಡಗಿಸಿ ಹುಡುಕಿಸುವುದು, ಸಾಯಂಕಾಲ ಮತ್ತೊಮ್ಮೆ ಹೊರಗೆ ಒಯ್ಯುವುದು, ಇಷ್ಟಾದರೆ ದಿನಕ್ಕೆ ಒಂದು ಆಕಾರ ಬರುತ್ತದೆ.

ಇದು ಬರಿಯ ಸಾಂತ್ವನದ ಮಾತಲ್ಲವೆಂಬುದಕ್ಕೆ ಪ್ರಮಾಣವಿದೆ. ಟೊರಾಂಟೋ ವಿಶ್ವವಿದ್ಯಾಲಯದ ನಾರ್ಟನ್ ಮಿಲ್ಗ್ರಾಮ್ ಮತ್ತು ಅವರ ಸಹೋದ್ಯೋಗಿಗಳು ವೃದ್ಧ ಬೀಗಲ್ ನಾಯಿಗಳಲ್ಲಿ ಕೆಲವಕ್ಕೆ ಉತ್ಕರ್ಷಣನಿರೋಧಕ ಪೋಷಕಾಂಶಗಳಿಂದ ಕೂಡಿದ ಆಹಾರವನ್ನೂ, ಕೆಲವಕ್ಕೆ ಜೊತೆಗಾರ ನಾಯಿ, ನಡಗೆ, ಆಟಿಕೆ, ಬುದ್ಧಿಗೆ ಕೆಲಸಕೊಡುವ ಅಭ್ಯಾಸಗಳನ್ನೂ, ಮತ್ತೆ ಕೆಲವಕ್ಕೆ ಎರಡನ್ನೂ ಒದಗಿಸಿ ಪರೀಕ್ಷಿಸಿದಾಗ, ಎರಡನ್ನೂ ಪಡೆದವು ಕಲಿಕೆಯಲ್ಲಿ ಎಲ್ಲಕ್ಕಿಂತ ಮುಂದಿದ್ದವು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಈ ಕ್ಷೇತ್ರದ ಆಧಾರಸ್ತಂಭಗಳಲ್ಲೊಂದು. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 15,019 ನಾಯಿಗಳ ವಿವರಗಳನ್ನು ಸಂಗ್ರಹಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಚಟುವಟಿಕೆಯಿಲ್ಲದ ನಾಯಿಗಳಲ್ಲಿ ಪ್ರಜ್ಞಾಹ್ರಾಸದ ಸಂಭವವು ಬಹು ಚಟುವಟಿಕೆಯ ಸಮವಯಸ್ಕ ನಾಯಿಗಳಿಗಿಂತ ಆರು ಪಟ್ಟಿಗೂ ಮಿಗಿಲಾಗಿ ಕಂಡುಬಂದಿತು. ಚಟುವಟಿಕೆ ಇಲ್ಲದುದರಿಂದ ರೋಗ ಬಂದಿತೋ, ರೋಗ ಬಂದುದರಿಂದ ಚಟುವಟಿಕೆ ನಿಂತಿತೋ ಎಂಬುದನ್ನು ಈ ಬಗೆಯ ಸಮೀಕ್ಷೆ ನಿರ್ಣಯಿಸಲಾರದು. ಆದರೂ ಮುದಿನಾಯಿಯನ್ನು ಮೂಲೆಯಲ್ಲಿ ಬಿಟ್ಟುಬಿಡುವುದೇ ದಯೆಯೆಂಬ ಭಾವನೆಗೆ ಅದು ಬಲವಾದ ಆಕ್ಷೇಪವನ್ನೊಡ್ಡುತ್ತದೆ.

ಮನೆಯೊಳಗಿನ ಏರ್ಪಾಡುಗಳು ಸರಳವಾದವು. ನುಣುಪಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಹಿಂಗಾಲು ಜಾರಿದ ನಾಯಿ, ಮತ್ತೆ ಬೀಳುವ ಭಯದಿಂದ ಮಲಗಲೂ ಅಂಜುತ್ತದೆ, ಏಳಲೂ ಅಂಜುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೂ ಬಾಗಿಲಿಗೂ ಹೋಗುವ ದಾರಿಯಲ್ಲಿ ಜಮಖಾನವನ್ನೋ ಗೋಣಿತಾಟನ್ನೋ ಸರಿಯದಂತೆ ಹಾಸಿ, ಬೆಳೆದ ಉಗುರುಗಳನ್ನು ಕತ್ತರಿಸಿಟ್ಟರೆ ಈ ಭಯ ಬಹಳಮಟ್ಟಿಗೆ ತಗ್ಗುವುದು. ಹಾಸಿಗೆ ದಪ್ಪವಾಗಿರಲಿ. ಅದು ಮನೆಯವರ ಉಸಿರು ಮೂಗಿಗೆ ಸಿಕ್ಕುವಷ್ಟು ಹತ್ತಿರದಲ್ಲಿರಲಿ; ಆಯುಸ್ಸೆಲ್ಲ ಅಂಗಳದಲ್ಲಿ ಮಲಗಿದ ಕಾವಲುನಾಯಿಯನ್ನು ಸಹ ಮುಪ್ಪಿನಲ್ಲಿ ಒಳಗೆ ಕರೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಣ್ಣು ಮಂಜಾದ ನಾಯಿಗೆ ಹಾದಿಯಲ್ಲಿ ಒಂದು ಮಂದವಾದ ದೀಪ ಉರಿಯುತ್ತಿರಲಿ; ಮೇಜು ಕುರ್ಚಿಗಳ ಸ್ಥಾನವನ್ನು ಬದಲಿಸಬಾರದು. ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚಿತವಾಗಿ ಮುಗಿಸಿ, ದೀಪವಾರಿಸುವ ಮುನ್ನ ಕಡೆಯ ಬಾರಿಗೆ ಹೊರಗೆ ಕರೆದೊಯ್ದು, ಇದನ್ನೆಲ್ಲ ದಿನವೂ ಅದೇ ಹೊತ್ತಿಗೆ ಅದೇ ಕ್ರಮದಲ್ಲಿ ನಡೆಸಬೇಕು. ನೆನಪು ಕುಂದಿದ ಜೀವಕ್ಕೆ ನಿಯಮವೇ ನೆನಪಿನ ಊರುಗೋಲು. ನಡುರಾತ್ರಿಯಲ್ಲಿ ಎದ್ದಾಗ ಗದರಿಸುವುದರಿಂದ ಭಯ ಬೆಳೆಯುತ್ತದೆ, ತಿಂಡಿ ಕೊಟ್ಟು ಆಟವಾಡಿಸುವುದರಿಂದ ಎಚ್ಚರವೇ ಅಭ್ಯಾಸವಾಗುತ್ತದೆ. ಮಾತು ಕಡಮೆಮಾಡಿ, ಹೊರಗೆ ಒಯ್ದು ತಂದು, ಮೈಮೇಲೆ ಕೈಯಿಟ್ಟು ಮಲಗಿಸುವುದೇ ಲೇಸು.

ಔಷಧಗಳ ವಿಷಯದಲ್ಲಿ ಮೊದಲು ಹೇಳಬೇಕಾದುದು ನಿಷೇಧ. ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೊಫೆನಾಕ್ ಇವು ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಘಾಸಿಗೊಳಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ವಿಷವಾಗಬಲ್ಲದು. ಮೆಡಿಕಲ್ ಶಾಪಿನಿಂದ ತಂದು ಅರ್ಧ ಮಾತ್ರೆ ಅನ್ನದಲ್ಲಿ ಕಲಸಿಕೊಡುವ ಪದ್ಧತಿ ನಮ್ಮಲ್ಲಿ ಧಾರಾಳವಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೆಲಟೋನಿನ್ ಕೆಲವು ನಾಯಿಗಳಿಗೆ ನೆರವಾಗುತ್ತದೆ. ಆದರೆ ಮನುಷ್ಯರಿಗಾಗಿ ತಯಾರಾದ ಸಿಹಿಮಾತ್ರೆಗಳಲ್ಲಿಯೂ, ನರನೋವಿಗೆ ಕೊಡುವ ಗ್ಯಾಬಪೆಂಟಿನ್ ದ್ರವರೂಪದ ಔಷಧಗಳಲ್ಲಿಯೂ ಜೈಲಿಟಾಲ್ ಎಂಬ ಸಕ್ಕರೆಯ ಬದಲಿ ದ್ರವ್ಯವಿರಬಹುದು, ಅದು ನಾಯಿಗೆ ಪ್ರಾಣಾಂತಕ. ಕೊಬ್ಬರಿ ಎಣ್ಣೆಯನ್ನು ಕುರಿತೂ ಒಂದು ಮಾತು: ಮುಪ್ಪಿನ ಮಿದುಳು ಗ್ಲುಕೋಸನ್ನು ಸರಿಯಾಗಿ ಬಳಸಲಾರದಾದಾಗ ಕೀಟೋನುಗಳನ್ನು ಇಂಧನವಾಗಿ ಒದಗಿಸುವ ಮಧ್ಯಮಸರಣಿಯ ಕೊಬ್ಬುಗಳಿಂದ ವೃದ್ಧ ಬೀಗಲ್‌ಗಳಿಗೆ ಪ್ರಯೋಜನವಾಯಿತೆಂದು 2010ರಲ್ಲಿ ಪ್ರಕಟವಾದುದು ನಿಜ, ಆದರೆ ಪ್ರಯೋಗಗಳಲ್ಲಿ ಬಳಸಿದ್ದು ಅಳತೆಯಿಟ್ಟು ಆಹಾರದಲ್ಲಿ ಸೇರಿಸಿದ ಶೋಧಿತ ಕೊಬ್ಬು. ಅಡುಗೆಮನೆಯ ಕೊಬ್ಬರಿ ಎಣ್ಣೆಯಲ್ಲಿ ಪ್ರಧಾನವಾಗಿರುವುದು ಲಾರಿಕ್ ಆಮ್ಲ. ಅದನ್ನು ಚಮಚಗಟ್ಟಲೆ ಸುರಿದರೆ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿಯಾದೀತು.

ಪ್ರಜ್ಞಾಹ್ರಾಸಕ್ಕೆಂದೇ ಮಾನ್ಯತೆ ಪಡೆದ ಔಷಧ ಸೆಲಿಜಿಲಿನ್. ಹಂಗೇರಿಯ ಯೋಜೆಫ್ ಕ್ನೋಲ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ರೂಪಿಸಿದ ಈ ದ್ರವ್ಯವು, ಮಿದುಳಿನ ಡೋಪಮಿನ್ನನ್ನು ಒಡೆಯತಕ್ಕ ಕಿಣ್ವವನ್ನು ತಡೆಯುತ್ತದೆ. ಅಮೆರಿಕ ಸರ್ಕಾರ ಇದನ್ನು ನಾಯಿಗಳ ಪ್ರಜ್ಞಾಹ್ರಾಸಕ್ಕೆ 1998ರಲ್ಲಿ ಅಂಗೀಕರಿಸಿತು. ಬೆಳಗಿನ ಹೊತ್ತು ಕೊಡತಕ್ಕ ಈ ಮಾತ್ರೆಯ ಗುಣ ತೋರಲು ಕೆಲವು ವಾರಗಳೇ ಬೇಕಾಗುತ್ತವೆ. ಟ್ರಮಡಾಲ್ ಮತ್ತು ಖಿನ್ನತೆಗೆ ಕೊಡುವ ಹಲವು ಔಷಧಗಳೊಡನೆ ಇದು ಹೊಂದದು. ಎಲ್ಲ ನಾಯಿಗಳಿಗೂ ಇದು ಫಲಿಸುವುದೆಂದು ಹೇಳಲಾಗದು. ಇರುಳಿನ ಕಳವಳವನ್ನು ತಗ್ಗಿಸಲು ಟ್ರಾಜೊಡೋನ್ ಮೊದಲಾದವನ್ನು ವೈದ್ಯರು ಉಪಯೋಗಿಸುವುದುಂಟು. ಅಸಿಪ್ರೊಮಜಿನ್‌ನಂಥ ಮಂಪರು ಔಷಧವಾದರೋ ಕಾಲುಗಳನ್ನು ಕಟ್ಟಿಹಾಕಿದಂತೆ ಮಾಡುತ್ತದೆಯೇ ಹೊರತು ಒಳಗಿನ ಭಯವನ್ನು ಕಳೆಯುವುದಿಲ್ಲ. ನಾಯಿ ಸದ್ದುಮಾಡದೆ ಬಿದ್ದುಕೊಂಡಿತೆಂದು ಸಮಾಧಾನಪಡುವ ಮುನ್ನ ಇದನ್ನು ಯೋಚಿಸಬೇಕು.

ಇನ್ನು ಮನೆಯವರ ನಿದ್ರೆ. ತಿಂಗಳುಗಟ್ಟಲೆ ಅರೆನಿದ್ರೆಯಲ್ಲಿ ದುಡಿದ ಮನುಷ್ಯನಿಗೆ ತಾಳ್ಮೆ ಉಳಿಯುವುದಿಲ್ಲ, ತಾಳ್ಮೆ ಕಳೆದುಕೊಂಡ ಮೇಲೆ ಪಶ್ಚಾತ್ತಾಪ ಬಾಧಿಸುತ್ತದೆ, ಬಹುಪಾಲು ಮನೆಗಳಲ್ಲಿ ಈ ಭಾರವೆಲ್ಲ ಒಬ್ಬ ಹೆಂಗಸಿನ ಮೇಲೆಯೇ ಬಿದ್ದಿರುತ್ತದೆ. ಮನೆಯಲ್ಲಿರುವವರು ರಾತ್ರಿಗಳನ್ನು ಸರದಿಯಂತೆ ಹಂಚಿಕೊಳ್ಳಬೇಕು. ಸರದಿಯಿಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು, ಅದರಲ್ಲಿ ಪ್ರೀತಿಯ ಕೊರತೆಯೇನೂ ಇಲ್ಲ. ಒಂದು ಪುಸ್ತಕದಲ್ಲಿ ದಿನದಿನವೂ ನಾಯಿ ಎಷ್ಟು ಹೊತ್ತು ಮಲಗಿತು, ಉಂಡಿತೋ ಇಲ್ಲವೋ, ಬಾಲವನ್ನಾಡಿಸಿತೋ, ಗುರುತು ಹಿಡಿಯಿತೋ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ, ಔಷಧದ ಗುಣವನ್ನು ತೂಗಿ ನೋಡಲು ಅದು ಸಹಾಯಕವಾಗುವುದಲ್ಲದೆ, ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಹೆಚ್ಚಾಗುತ್ತಿವೆಯೆಂಬುದನ್ನು ಕಣ್ಣೀರಿನ ಮಂಜಿಲ್ಲದೆ ಕಾಣಲೂ ಅದರಿಂದಲೇ ಸಾಧ್ಯವಾಗುತ್ತದೆ. ಎಲ್ಲ ಉಪಾಯಗಳೂ ಸೋತು, ಹಗಲೂ ಇರುಳೂ ನಾಯಿಗೆ ಭಯವೊಂದೇ ಉಳಿದಿರುವ ಸ್ಥಿತಿ ಕೆಲವು ನಾಯಿಗಳಿಗೆ ಬರುತ್ತದೆ. ಆಗ ನೋವಿಲ್ಲದ ಮರಣವನ್ನು ಕುರಿತು ವೈದ್ಯರೊಡನೆ ಮಾತಾಡುವುದು ದ್ರೋಹವಾಗದು. ಆ ಮಾತನ್ನು ಅನೇಕರು ನಿದ್ರೆಗೆಟ್ಟ ಯಾವುದೋ ಒಂದು ರಾತ್ರಿಯ ಆವೇಗದಲ್ಲಿ ಆಡಿ ಅನಂತರ ಕೊರಗುತ್ತಾರಾದುದರಿಂದ, ಆ ಪುಸ್ತಕವನ್ನು ಮುಂದಿಟ್ಟುಕೊಂಡು, ಹಗಲುಹೊತ್ತಿನಲ್ಲಿ, ಮನೆಯವರೆಲ್ಲರೂ ಕೂಡಿ ಕುಳಿತು ಆಡತಕ್ಕದ್ದು.